ರೇಡಿಯೇಟರಿಗೆ ವಿಭೂತಿ

ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಮಾಲೀಕನಾದ ನನ್ನನ್ನೂ ಕೂರಿಸಿಕೊಂಡು ಹೊರಟ ನಮ್ಮ ಲಾರಿ ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ಎರಡು ಸಲ ಕುದಿಯಿತು. ರೇಡಿಯೇಟರಿನಲ್ಲಿ ನೀರು ತಳ ಕಂಡಿತ್ತು. ಅಲ್ಲಿನ ಗ್ಯಾರೇಜಿನ ಮೆಕ್ಯಾನಿಕ್ ರಫೀಕ್, "ಬಸಣ್ಣಾ, ವಿಭೂತಿ ಕೊಡ್ರಿ" ಎಂದ. ಚಾಲಕ ಬಸಣ್ಣ ದೇವರ ಪಟದ ಮುಂದಿದ್ದ ಗಟ್ಟಿ ಮುರಿದು ಕೊಟ್ಟ. ನಾಟಕ ಶುರುವಾಯಿತು ಅಂದುಕೊಂಡೆ.

ಇಂಜಿನ್ ಆರಿದ ಮೇಲೆ ರಫೀಕ್ ನೀರು ತುಂಬಿಸಿ, ಪೈಪು, ಪಂಪಿಗೆಲ್ಲ ವಿಭೂತಿ ಬಳಿದು ಗಾಡಿ ಚಾಲೂ ಮಾಡಿದ. "ಸೋರಿದಲ್ಲೆ ಬೂದಿ ತೊಯ್ತೈತಿ, ನೋಡ್ರಿ."

ಎಲ್ಲೂ ತೊಯ್ಯಲಿಲ್ಲ. ನನ್ನ ಸಂಶಯ ಬಲಿಯಿತು.

ಅವನು ಇಂಜಿನ್ ಬಂದ್ ಮಾಡಿ, ಆಯಿಲ್ ಕಡ್ಡಿ ಎಳೆದು ತೋರಿಸಿದ. ಆಯಿಲ್ ಹಾಲು ಬೆರೆಸಿದ ಚಹಾದಂತಿತ್ತು.

"ನೀರು ಇದರಾಗ ಸೇರೈತ್ರಿ. ಕುದ್ದ ಗಾಡೀನ ಆರಾಕ ಬಿಡದ ಓಡಿಸಿದ್ರ ಆಯಿಲಿಗೆ ನೀರು ಸೇರದಂಗ ತಡಿಯೋ ಗ್ಯಾಸ್ಕೆಟ್ ಉಳೀತೈತೇನು? ಓಡಸ್ರಿ ಅಂದವ್ರು ಯಾರು?"

ಬಸಣ್ಣ ಕೈಗಂಟಿದ ವಿಭೂತಿ ಒರೆಸಿಕೊಂಡ. ನನ್ನ ಕಡೆ ನೋಡಲಿಲ್ಲ. ಎರಡು ಸಲವೂ "ನಡೀರಿ, ಏನಾಗೂದಿಲ್ಲ" ಎಂದಿದ್ದವನು ನಾನು.