ಮುಕ್ಕಾಲು ಇಂಚಿನ ವೇದಾಂತ

ನಮ್ಮ ಮನೆಯವರು ಪುಸ್ತಕಗಳಿಗೆ ರಟ್ಟು ಕಟ್ಟುವವರು. ಬೀದಿಯವರು ಕರೆಯುವುದು ಮಾತ್ರ ವೇದಾಂತಿ ಎಂದು. ಅದು ತಮಗೆ ಸಿಕ್ಕ ಬಿರುದು ಎಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಈ ವೇದಾಂತ ಮನೆಗೆ ಬಂದದ್ದು ಒಬ್ಬ ನಿವೃತ್ತ ಮೇಷ್ಟ್ರಿಂದ. ತಮ್ಮ ಹಳೆಯ ತತ್ವಶಾಸ್ತ್ರದ ಪುಸ್ತಕಗಳನ್ನು ಒಂದೊಂದಾಗಿ ನಮ್ಮ ಅಂಗಡಿಗೆ ತಂದು ಹಾಕತೊಡಗಿದರು. ಹಳೆಯ ಪುಸ್ತಕವನ್ನು ಮತ್ತೆ ಕಟ್ಟಬೇಕಾದರೆ ಮೊದಲು ಪೂರ್ತಿ ಬಿಚ್ಚಬೇಕು. ಬಿಚ್ಚಿದರೆ ಹದಿನಾರು ಹದಿನಾರು ಪುಟದ ಕಂತೆಗಳಾಗುತ್ತವೆ. ನಾವು ಅದಕ್ಕೆ ಫಾರಂ ಎನ್ನುತ್ತೇವೆ. ಹಳೆಯ ದಾರ ಕೀಳುವುದು ಇವರ ಕೆಲಸ, ಹೊಸ ದಾರದಲ್ಲಿ ಹೊಲಿಯುವುದು ನನ್ನದು. ದಾರ ಕೀಳುತ್ತ ಕೀಳುತ್ತ ಮೇಲಿನ ಫಾರಂ ಓದುವುದು ಇವರಿಗೆ ಚಟವಾಯಿತು. ಒಂದು ಪುಸ್ತಕದಲ್ಲಿ ಒಂದೇ ಫಾರಂ. ಅಷ್ಟರಲ್ಲಿ ನಾನು "ರೀ, ಆ ಕಂತೆ ಈ ಕಡೆ ಕೊಡಿ" ಎನ್ನುತ್ತೇನೆ. ಹೀಗಾಗಿ ಜಗತ್ತಿನ ಎಲ್ಲ ಜ್ಞಾನಿಗಳೂ ಇವರಿಗೆ ಹದಿನಾರು ಪುಟದಷ್ಟು ಗೊತ್ತು. ಸಾವಿಗೆ ಯಾಕೆ ಹೆದರಬಾರದು ಎಂಬ ಅಧ್ಯಾಯ "ಆದ್ದರಿಂದ ಮನುಷ್ಯನು" ಎಂಬಲ್ಲಿಗೆ ನಿಂತುಹೋಗಿತ್ತು. ಮುಂದೇನು ಎಂದು ಕೇಳಿದೆ. "ಅದನ್ನ ನಾವೇ ಯೋಚನೆ ಮಾಡ್ಬೇಕು ಕಣೆ" ಎಂದರು.

ಓದಿಕೊಂಡು ಸುಮ್ಮನಿದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಹಂಚಲು ಶುರು ಮಾಡಿದರು. ಪಕ್ಕದ ಸೈಕಲ್ ರಿಪೇರಿಯವನು ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಬಂದರೆ, "ನೋವು ಹಲ್ಲಿಗೆ ಬಂದಿದೆ, ನಿನಗೆ ಬಂದಿಲ್ಲ" ಎಂದರು. "ಹಲ್ಲು ನಂದೇ ಅಲ್ವಾ ಸ್ವಾಮಿ" ಎಂದು ಅವನು ಕೆನ್ನೆ ಹಿಡಿದುಕೊಂಡೇ ವಾಪಸು ಹೋದ. ಇನ್ನೊಂದು ಫಾರಂನಲ್ಲಿ, ನಮ್ಮ ಕೈಯಲ್ಲಿರುವುದು ಒಂದು ಗುಡ್ಡೆ, ಕೈಯಲ್ಲಿಲ್ಲದ್ದು ಒಂದು ಗುಡ್ಡೆ, ಎರಡನೆಯದಕ್ಕೆ ಮರುಗಬಾರದು ಎಂದಿತ್ತಂತೆ. ಅವತ್ತಿನಿಂದ ಕಂಡಕಂಡದ್ದನ್ನೆಲ್ಲ ಎರಡು ಗುಡ್ಡೆ ಮಾಡುವುದೇ ಕಸುಬಾಯಿತು. ರಾತ್ರಿಯ ಪಾತ್ರೆ ಯಾವ ಗುಡ್ಡೆಗೆ ಎಂದು ಕೇಳಿದೆ. "ಅದು ನಿನ್ನ ಕೈಯಲ್ಲಿರೋದು" ಎಂದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

ಇಷ್ಟೆಲ್ಲ ನಕ್ಕು ಸಹಿಸಬಹುದಾಗಿತ್ತು, ಅತ್ತಿಗೆಯ ವಿಷಯ ಬರುವ ತನಕ.

ಅತ್ತಿಗೆ ಎಂದರೆ ಇವರ ಅಕ್ಕ. ಹತ್ತು ವರ್ಷ ದೊಡ್ಡವರು. ಎರಡು ಬೀದಿ ಆಚೆ ಮನೆ, ಔಷಧಿ ಅಂಗಡಿಯಲ್ಲಿ ಕೆಲಸ. ಇವರಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವರು, ಆಕೆಗೆ ಹೊಲಿಗೆ ಮಷಿನ್ನಿನಿಂದ ಏಳಲು ಪುರಸೊತ್ತಿರುತ್ತಿರಲಿಲ್ಲ. ಇವರನ್ನು ಸೊಂಟದ ಮೇಲೆ ಎತ್ತಿ ಬೆಳೆಸಿದ್ದು ಅತ್ತಿಗೆಯೇ. ಅಮ್ಮ ತೀರಿಕೊಂಡ ಮೇಲೆ ಉಳಿದದ್ದು ಒಂದು ದಪ್ಪ ಅಳತೆ ಪುಸ್ತಕ. ಯಾರ ತೋಳು ಎಷ್ಟು, ಯಾರ ಎದೆ ಎಷ್ಟು ಎಂದು ಪ್ರತಿ ಹಾಳೆಯ ಮುಂಬದಿಯಲ್ಲೂ ಅಳತೆ, ಹಿಂಬದಿ ಖಾಲಿ. ಅಳತೆಯ ಪಕ್ಕದಿಂದ ಅಂಚಿನವರೆಗೂ ಇರುವೆ ಸಾಲಿನಂಥ ಅಕ್ಷರದಲ್ಲಿ ಅಮ್ಮ ಆಗಾಗ ಮಕ್ಕಳ ವಿಷಯ ಬರೆದಿದ್ದರು. ಇವಳಿಗೆ ಜ್ವರ ಬಿಟ್ಟಿತು, ಇವನು ಮೊದಲ ಹೆಜ್ಜೆ ಇಟ್ಟ, ಹೀಗೆ. ಅದನ್ನು ಗಟ್ಟಿ ರಟ್ಟು ಹಾಕಿ ಕಟ್ಟಿಕೊಡು ಎಂದು ಅತ್ತಿಗೆ ತಂದು ಕೊಟ್ಟರು.

ಹೊಲಿದವಳು ನಾನು. "ಅಂಚಿನ ತನಕ ಬರಹ ಇದೆ, ನೋಡಿ ಕತ್ತರಿಸಿ" ಎಂದು ಹೇಳಿಯೂ ಇದ್ದೆ. ಇವರು ಹೂಂ ಎಂದರು. ಆ ಹೊತ್ತಿಗೆ ಸರಿಯಾಗಿ ಗಿರಾಕಿಯೊಬ್ಬ ಬಂದ. ಮಾಡುವ ಕೆಲಸದಲ್ಲಿ ಪೂರ್ತಿ ಮನಸ್ಸಿಡಬೇಕು, ಈ ಕ್ಷಣ ಬಿಟ್ಟು ಬೇರೆಲ್ಲೂ ಇರಬಾರದು ಎಂದು ಅವನಿಗೆ ವಿವರಿಸುತ್ತ ವಿವರಿಸುತ್ತ ಇವರು ಕಟಿಂಗ್ ಮಷಿನ್ನಿನ ಹಿಡಿ ಎಳೆದರು. ಅಂಚು ಮುದುಡಿದೆ ಎಂದು ಮುಕ್ಕಾಲು ಇಂಚು ಹೋಯಿತು. ಅಮ್ಮನ ಪ್ರತಿ ಸಾಲಿನ ಕೊನೆಯೂ ಅದರ ಜೊತೆಗೇ ಹೋಯಿತು.

ಅತ್ತಿಗೆ ಅಂಗಡಿಯಲ್ಲೇ ನಿಂತು ಪುಟ ತಿರುಗಿಸಿದರು. ಮೂರು ಪುಟ, ನಾಲ್ಕು ಪುಟ. ಕಣ್ಣಲ್ಲಿ ನೀರು ಬಂತು.

"ಅಕ್ಕ, ನೋಡು, ಹೋಗಿದ್ದು ನಮ್ಮ ಕೈಯಲ್ಲಿಲ್ಲ" ಎಂದು ಇವರು ಶುರು ಮಾಡಿದರು. "ಅಂಚು ಹೋಯ್ತು, ಪುಸ್ತಕ ಉಳೀತಲ್ಲ. ಉಳಿದಿದ್ದನ್ನ ನೋಡ್ಬೇಕು."

"ತಪ್ಪಾಯ್ತು ಅಂತ ಒಂದು ಮಾತು ಹೇಳು. ಸಾಕು" ಎಂದರು ಅತ್ತಿಗೆ.

"ತಪ್ಪು ಅಂದ್ರೆ ಏನು ಅಂತ ಮೊದಲು ಯೋಚನೆ ಮಾಡಿದ್ರೆ..."

ಅತ್ತಿಗೆ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದರು. ಆಮೇಲೆ ತಿಂಗಳುಗಟ್ಟಲೆ ಮಾತಿಲ್ಲ. ಕೆಲಸ ಮುಗಿಸಿ ಐದು ಗಂಟೆಗೆ ನಮ್ಮ ಬೀದಿಯಲ್ಲೇ ಬರುತ್ತಿದ್ದರು, ಆಚೆ ಬದಿಯಲ್ಲಿ, ಮುಖ ಆ ಕಡೆ ಮಾಡಿಕೊಂಡು. ನನಗೆ ನಿಜವಾಗಿ ಸಿಟ್ಟು ಬಂದದ್ದು ಅವತ್ತೇ. ಕೈ ತಪ್ಪುವುದು ಯಾರಿಗೂ ಆಗುತ್ತದೆ. ಆದರೆ ಅಳುತ್ತಿರುವವಳ ಮುಂದೆ ಯಾರಾದರೂ ಫಾರಂ ಬಿಚ್ಚುತ್ತಾರೆಯೇ?

ಇವರನ್ನು ಕೇಳಿದರೆ, ಅಕ್ಕನ ಮಾತು ಎರಡನೇ ಗುಡ್ಡೆಗೆ ಸೇರಿತು, ತಾನು ನಿಶ್ಚಿಂತ ಎನ್ನುತ್ತಿದ್ದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆದರೆ ಐದಕ್ಕೆ ಐದು ನಿಮಿಷವಿರುವಾಗ ಅಂಟು ಒಣಗಿಸುವ ನೆಪದಲ್ಲಿ ನಾಲ್ಕು ಪುಸ್ತಕ ಹಿಡಿದುಕೊಂಡು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಒಣಗಿದ ಪುಸ್ತಕವನ್ನೇ ಮತ್ತೆ ಮತ್ತೆ ಒಣಗಿಸಿದ ನಿಶ್ಚಿಂತರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಕತ್ತರಿಸಿದ ಚೂರುಗಳ ಚೀಲವನ್ನು ತಿಂಗಳಿಗೊಮ್ಮೆ ರದ್ದಿಯವನಿಗೆ ಕೊಡುತ್ತೇವೆ. ಅಳತೆ ಪುಸ್ತಕ ಕತ್ತರಿಸಿದ ತಿಂಗಳಿನ ಚೀಲ ಮಾತ್ರ ರದ್ದಿಗೆ ಹೋಗದೆ ಕಪಾಟಿನ ಹಿಂದೆ ಕೂತಿತ್ತು. ಒಂದು ಮಧ್ಯಾಹ್ನ ಊಟಕ್ಕೆಂದು ಹೋದವಳು ಬೇಗ ಬಂದೆ. ಬಾಗಿಲು ಅರ್ಧ ಹಾಕಿಕೊಂಡು, ಭೂತಗನ್ನಡಿ ಹಿಡಿದು, ಇವರು ಚೂರುಗಳಲ್ಲಿ ಹಳದಿ ಕಾಗದ, ನೀಲಿ ಶಾಯಿ ಹುಡುಕುತ್ತಿದ್ದರು. ಡಬ್ಬಿಯಲ್ಲಿ ಆಗಲೇ ಎಪ್ಪತ್ತಕ್ಕೂ ಹೆಚ್ಚು ಪಟ್ಟಿಗಳಿದ್ದವು.

"ಇದು ಯಾವ ಗುಡ್ಡೆ ರೀ?" ಎಂದೆ.

ಅವರು ತಲೆ ಎತ್ತಲಿಲ್ಲ. "ಎಲ್ಲಾ ಬರೀ ಕೊನೆಗಳು ಕಣೆ" ಎಂದರು. "ಶುರು ಅಕ್ಕನ ಹತ್ರ ಇದೆ." ಒಂದು ಪಟ್ಟಿ ನನ್ನ ಕೈಗಿಟ್ಟರು. ಅದರಲ್ಲಿ 'ಮೂರು ದಿನ ಬೇಕಾಯ್ತು' ಎಂದಷ್ಟೇ ಇತ್ತು.

"ಯಾವುದೋ ಕೋಟು ಹೊಲಿಯೋಕಿರಬೇಕು."

"ಇರಬಹುದು" ಎಂದರು. ಪಟ್ಟಿಯನ್ನು ನನ್ನ ಕೈಯಿಂದ ಮತ್ತೆ ತೆಗೆದುಕೊಂಡರು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಪಾಪ ಎನ್ನಿಸಿತು. ಆದರೂ ಬಿಡಲಿಲ್ಲ. "ಭಾನುವಾರ ಹೋಗೋಣ. ಹೋಗಿ ಒಂದೇ ಒಂದು ಮಾತು ಹೇಳಬೇಕು" ಎಂದೆ.

ಆ ಒಂದು ಮಾತಿಗೆ ಮೂರು ದಿನ ತಾಲೀಮು ನಡೆಯಿತು. ನಾನೇ ಅತ್ತಿಗೆಯಾಗಿ ಬಾಗಿಲ ಬಳಿ ನಿಲ್ಲುತ್ತಿದ್ದೆ. ಇವರು ಬಂದು, "ಅಕ್ಕ, ಕಾಲ ಅನ್ನೋದು ಹರಿಯೋ ನೀರು" ಎಂದು ಶುರು ಮಾಡುತ್ತಿದ್ದರು. "ಇದೂ ಹದಿನಾರು ಪುಟ ಆಗತ್ತೆ, ಕಡಿಮೆ ಮಾಡಿ" ಎನ್ನುತ್ತಿದ್ದೆ. ಶನಿವಾರದ ಹೊತ್ತಿಗೆ ನಾಲ್ಕು ಪುಟಕ್ಕೆ ಇಳಿಸಿದ್ದರು.

ಭಾನುವಾರ ಅತ್ತಿಗೆ ಬಾಗಿಲು ತೆರೆದರು. ನನ್ನನ್ನು ನೋಡಿದರು, ಇವರನ್ನು ನೋಡಲಿಲ್ಲ. ಇವರು ಡಬ್ಬಿಯನ್ನು ಎದೆಗವಚಿಕೊಂಡು, "ಅಕ್ಕ, ಮನುಷ್ಯ ಅಂದ್ಮೇಲೆ..." ಎಂದರು.

ಬಾಗಿಲು ಮುಚ್ಚತೊಡಗಿತು. ಇನ್ನು ಒಂದು ಗೇಣು ಉಳಿದಿತ್ತು.

"ತಪ್ಪಾಯ್ತು ಅಕ್ಕ" ಎಂದುಬಿಟ್ಟರು. ಐವತ್ತೆರಡು ವರ್ಷದ ಗಂಡಸು ಹೊಸಿಲ ಮುಂದೆ ನಿಂತು ಮಗುವಿನಂತೆ ಅತ್ತುಬಿಟ್ಟರು.

ಬಾಗಿಲು ತೆರೆಯಿತು. "ಒಳಗೆ ಬಾ, ಬೀದಿಯವರು ನೋಡ್ತಿದಾರೆ" ಎಂದರು ಅತ್ತಿಗೆ.

ಮೇಜಿನ ಮೇಲೆ ಅಳತೆ ಪುಸ್ತಕ ಬಂತು. ನಾನು ಅಂಟು ಕಲಸಿದೆ. ಅಕ್ಕ ಶುರು ಓದುವುದು, ತಮ್ಮ ಕೊನೆ ಹುಡುಕುವುದು. ಕತ್ತರಿಸಿದ ಅಕ್ಷರಕ್ಕೆ ಅಕ್ಷರ ಕೂಡಿಸಿ, ತೆಳ್ಳಗಿನ ಕಾಗದದಿಂದ ಹಿಂದೆ ಅಂಟಿಸುವುದು. ಸುಮಾರು ಮೂವತ್ತು ಪುಟ ಆಗಿತ್ತು. ಅತ್ತಿಗೆ ಒಂದು ಕಡೆ ಬೆರಳಿಟ್ಟು ಓದಿದರು. "ಇವನು ಕಿಟಕಿ ಗಾಜು ಒಡೆದು ಅಕ್ಕನ ಹೆಸರು ಹೇಳಿದ. ಅವಳಿಗೆ ಏಟು ಬಿತ್ತು. ತಪ್ಪಾಯ್ತು ಅನ್ನಲು ಇವನಿಗೆ..."

ಇವರು ಡಬ್ಬಿಯಲ್ಲಿ ಕೈಯಾಡಿಸುತ್ತಿದ್ದವರು ನಿಂತುಬಿಟ್ಟರು. ಆ ಪಟ್ಟಿ ಎಲ್ಲಿದೆ ಎಂದು ಹುಡುಕಬೇಕಾಗಿರಲಿಲ್ಲ, ಅಂಗಿಯ ಜೇಬಿನಲ್ಲೇ ಇತ್ತು. ತೆಗೆದು ಪುಟದ ಪಕ್ಕಕ್ಕಿಟ್ಟರು. ಅಕ್ಷರ ಕೂಡಿತು.

ಅತ್ತಿಗೆ ಸಾಲನ್ನು ಪೂರ್ತಿ ಓದಿಕೊಂಡರು. ತಮ್ಮನ ತಲೆಯ ಮೇಲೆ ಮೆಲ್ಲಗೆ ಒಂದು ಮೊಟಕಿದರು.

"ಆಗ ಮೂರು ದಿನ. ಈಗ ಏಳು ತಿಂಗಳು" ಎಂದರು. "ಓದಿಕೊಂಡ ಮೇಲೆ ನಿಧಾನ ಆಗ್ಬಿಟ್ಟೆ ಕಣೋ."