ಅತ್ತೆಯ ಬೆಕ್ಕಿನ ಪಥ್ಯ

ನಮ್ಮತ್ತೆ ಸಾಕಿದ ಗಂಡು ಬೆಕ್ಕಿಗೆ ಉಚ್ಚೆ ಕಟ್ಟಿದ ಆ ಬೇಸಿಗೆಯನ್ನು ನೆನೆದರೆ ನನಗೆ ಈಗಲೂ ಸೊಂಟ ನೋಯುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಕಡೂರಿನಲ್ಲಿ, ರೈಲ್ವೆ ಗೇಟಿನ ಹತ್ತಿರ. ನಾನು ಬೀರೂರಿನ ಪ್ರೈಮರಿ ಶಾಲೆಯಲ್ಲಿ ಮೇಡಂ. ಬೆಳಗಿನ ಶಾಲೆ ಮುಗಿಸಿ, ಬಸ್ಸಿನಲ್ಲಿ ನಿಂತು, ಬಿಸಿಲಲ್ಲಿ ನಡೆದು ಮನೆ ಸೇರಿದರೆ ಅಡುಗೆಮನೆ ನನಗಾಗಿಯೇ ಕಾದಿರುತ್ತಿತ್ತು. ಇದರ ಮೇಲೆ ಬೆಕ್ಕಿನ ಚಾಕರಿ ಬೇರೆ.

ಅತ್ತೆ ಎರಡು ಹೊತ್ತೂ ಸ್ನಾನ ಮಾಡಿ, ಲಿಂಗಪೂಜೆ ಮುಗಿಸದೆ ಬಾಯಿಗೆ ಏನೂ ಹಾಕಿಕೊಳ್ಳದವರು. ಮನೆಯೊಳಗೆ ಮೊಟ್ಟೆಯ ಹೆಸರೆತ್ತುವಂತಿರಲಿಲ್ಲ. ಆ ಕಟ್ಟುಪಾಡನ್ನು ಬೆಕ್ಕಿಗೂ ಹಾಕಿದ್ದರು. ಅದು ಮರಿಯಾಗಿದ್ದಾಗ ಇಲಿ ಕಚ್ಚಿಕೊಂಡು ಬಂದರೆ ಪೊರಕೆ ತೋರಿಸಿ ಬಿಡಿಸಿ, ಬದಲಿಗೆ ಬೆಣ್ಣೆ ಸವರಿದ ರೊಟ್ಟಿ ಕೊಟ್ಟು ಬೆಳೆಸಿದ್ದರು. ರೊಟ್ಟಿ ಒಣಗಿ ಚಕ್ಕೆಯಾದರೆ ಅದಕ್ಕೆ ಇನ್ನೂ ಇಷ್ಟ. ಹಾಲು ಒಂದು ಗುಟುಕು, ನೀರನ್ನಂತೂ ಮೂಸಿಯೂ ನೋಡುತ್ತಿರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ನಮ್ಮ ಅಟ್ಟದಲ್ಲಿ ಚೆಲ್ಲಾಟವೆಲ್ಲ ಇಲಿಗಳದೇ. “ಬೆಕ್ಕಿಗೂ ಲಿಂಗ ಕಟ್ಟಿಸಿದ್ದೀರೇನ್ರಮ್ಮಾ?” ಎಂದು ಬಂದವರು ರೇಗಿಸಿದರೆ ಅತ್ತೆಗೆ ಹಿಗ್ಗು.

“ಕಟ್ಟಿಸ್ದೇ ಇದ್ರೂ ನಿಮಗಿಂತ ಆಚಾರವಾಗೈತೆ ಕಣ್ರೀ” ಎನ್ನುತ್ತಿದ್ದರು. ಮಾವ ತೀರಿಕೊಂಡ ಮೇಲೆ ಅತ್ತೆ ಬಾಯಿ ತುಂಬ ಮಾತಾಡುತ್ತಿದ್ದುದು ಮಡಿಲಲ್ಲಿ ಮಲಗಿದ ಆ ಬೆಕ್ಕಿನ ಜೊತೆ ಮಾತ್ರ. ನನ್ನ ಪಾಲಿಗೆ ಬರುತ್ತಿದ್ದುದು ಬರೀ ಕೆಲಸದ ಮಾತು.

ಒಂದು ಮಧ್ಯಾಹ್ನ ನಾನು ಬಂದಾಗ ಬೆಕ್ಕು ಬಚ್ಚಲ ಮೂಲೆಯಲ್ಲಿ ಕೂತು ತಿಣುಕುತ್ತಿತ್ತು. ಒಂದು ಹನಿಯೂ ಇಲ್ಲ. ಎದ್ದು ಇನ್ನೊಂದು ಮೂಲೆಗೆ ಹೋಗುವುದು, ಕೂರುವುದು, ಕೂಗುವುದು. ಅತ್ತೆ ಗಾಬರಿಯಾಗಿದ್ದರು. ಆದರೂ ಔಷಧಿ ಏನೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

“ಉಷ್ಣ ಆಗೈತೆ ಕಣೇ. ತಂಪು ಮಾಡಿದ್ರೆ ಬಿಡ್ತದೆ.”

ಹೊಕ್ಕುಳಿಗೆ ಹರಳೆಣ್ಣೆ, ಕುಡಿಯಲು ಎಳನೀರು, ಬಾರ್ಲಿ ನೀರು, ಜೀರಿಗೆ ಕಷಾಯ. ಮನುಷ್ಯರಿಗೆ ಉರಿಮೂತ್ರವಾದರೆ ಮಾಡುವುದನ್ನೆಲ್ಲ ಬೆಕ್ಕಿಗೂ ಮಾಡಿದೆವು. ಅತ್ತೆ ಬಾಯಿ ಅಗಲಿಸಿ ಹಿಡಿಯುವುದು, ನಾನು ಕೂಸಿಗೆ ಕುಡಿಸುವ ಒಳಲೆಯಲ್ಲಿ ಹುಯ್ಯುವುದು. ಅದು ನನ್ನ ಕೈಯೆಲ್ಲ ಪರಚಿ, ಹುಯ್ದದ್ದನ್ನು ನನ್ನ ಸೀರೆಯ ಮೇಲೇ ಉಗುಳಿತು. ಮಾರನೆಯ ದಿನ ಅದಕ್ಕೆ ಕೂಗುವ ತ್ರಾಣವೂ ಇರಲಿಲ್ಲ. ನಾನು ಶಾಲೆಗೆ ರಜೆ ಹಾಕಿ, ತರಕಾರಿ ಬುಟ್ಟಿಯಲ್ಲಿ ಅದನ್ನು ಮಲಗಿಸಿಕೊಂಡು ದನದ ಆಸ್ಪತ್ರೆಗೆ ಹೊರಟೆ. ಅತ್ತೆ ಉಣ್ಣದೆಯೇ ಹಿಂದೆ ಬಂದರು.

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಮುಖ ಗಂಟಿಕ್ಕಿದರು. ನಾವಿಬ್ಬರೂ ಅದುಮಿ ಹಿಡಿದುಕೊಂಡೆವು, ಅವರು ಸಣ್ಣ ನಳಿಕೆ ತೂರಿಸಿದರು. ಕೆಂಪಗೆ, ಮರಳಿನಂಥದು ಬೆರೆತ ಉಚ್ಚೆ ಹರಿಯಿತು.

“ಸದ್ಯಕ್ಕೆ ಉಳೀತು. ಒಣರೊಟ್ಟಿ ಹಾಕಿದ್ರೆ ಮತ್ತೆ ಕಟ್ಕೊಳ್ಳುತ್ತೆ” ಎಂದರು ಡಾಕ್ಟರು. “ಬೆಕ್ಕು ತಾನಾಗಿ ನೀರು ಕುಡಿಯೋದು ಕಮ್ಮಿ ಕಣಮ್ಮಾ, ತಿನ್ನೋದ್ರಲ್ಲೇ ನೀರಿರ್ಬೇಕು. ಮೀನೋ ಕೋಳಿನೋ ಉಪ್ಪು ಹಾಕದೆ ಬೇಯ್ಸಿ, ಬೆಂದ ನೀರಿನ ಸಮೇತ ಕೊಡಿ. ಒಣಮೀನು ಬೇಡ.”

“ಮಜ್ಜಿಗೆ ಅನ್ನ ಆಗಲ್ವಾ ಡಾಕ್ಟ್ರೇ?” ಅತ್ತೆಯ ದನಿ ಸಣ್ಣಗಾಗಿತ್ತು.

“ಅದು ನಿಮಗೆ ಆಗುತ್ತೆ ಅಮ್ಮಾ. ಅದಕ್ಕಲ್ಲ.”

ಮೀನು ಮನೆಯೊಳಗೆ ಬರುವಂತಿಲ್ಲ. ಮೀನಿಲ್ಲದೆ ಬೆಕ್ಕು ಉಳಿಯುವಂತಿಲ್ಲ. ಅತ್ತೆ ಹಟ ಬಿಡದೆ ಹಾಲನ್ನವನ್ನು ನೀರು ನೀರಾಗಿ ಕಲಸಿ ಇಟ್ಟರು. ಬೆಕ್ಕು ಅದನ್ನು ಮೂಸಿ, ಹೋಗಿ ರೊಟ್ಟಿ ಡಬ್ಬಿಯ ಮುಂದೆ ಕೂತಿತು. ಅದು ಅವರ ಶಿಸ್ತಿನಲ್ಲೇ ಬೆಳೆದದ್ದಲ್ಲವೇ. ವಾರ ಕಳೆಯುವುದರೊಳಗೆ ಮತ್ತೆ ಬಚ್ಚಲ ಮೂಲೆ, ಮತ್ತೆ ಬುಟ್ಟಿ, ಮತ್ತೆ ನಳಿಕೆ. ನನಗೆ ಸಾಕುಸಾಕಾಗಿ ಹೋಗಿತ್ತು. ಸತ್ತರೆ ಸಾಯಲಿ ಎಂದು ನಾಲಗೆಯ ತುದಿಗೆ ಬಂದದ್ದನ್ನು ಅತ್ತೆಯ ಮುಖ ನೋಡಿ ನುಂಗಿಕೊಂಡೆ.

ಎರಡನೆಯ ಸಲ ಆಸ್ಪತ್ರೆಯಿಂದ ಬರುವಾಗ ಅತ್ತೆ ದಾರಿಯಲ್ಲೇ ನಿಂತುಬಿಟ್ಟರು. ರೈಲ್ವೆ ಗೇಟು ಕಾಯುವವನ ಹೆಂಡತಿ ತನ್ನ ಅಂಗಳದ ಕಲ್ಲಿನ ಮೇಲೆ ಕೆರೆಮೀನು ಉಜ್ಜುತ್ತಿದ್ದಳು. ಎಂದೂ ಆ ಕಡೆ ತಿರುಗಿಯೂ ನೋಡದ ಅತ್ತೆ ಬೇಲಿಯ ಹೊರಗಿನಿಂದ ಕೇಳಿದರು:

“ಇದನ್ನ ನಿಮ್ಮನೇಲಿ ಇಟ್ಕೊಳ್ತೀಯೇನೇ ತಾಯಿ?”

“ಯಾಕ್ರಮ್ಮೋರೇ? ಇದ್ನ ಬಿಟ್ಟು ನೀವು ಇರ್ತೀರಾ?”

“ನನ್ ಮಡಿಲಲ್ಲಿ ಆಚಾರವಾಗಿ ಸಾಯೋದು ಬ್ಯಾಡ. ನಿನ್ ಅಂಗಳದಾಗೆ ಉಚ್ಚೆ ಹುಯ್ಕೊಂಡು ಬದುಕ್ಲಿ.”

ಅವಳು ಕೈ ತೊಳೆದುಕೊಂಡು ಬೇಲಿಯ ಹತ್ತಿರ ಬಂದಳು. ಬುಟ್ಟಿಯನ್ನು ಅವಳ ಕೈಗೆ ಕೊಟ್ಟೆ.

ಮೊದಲು ಅತ್ತೆ ಬೇಲಿಯ ಹೊರಗೆ ನಿಂತು ನೋಡಿ ಬರುತ್ತಿದ್ದರು. ಆಮೇಲೆ ಒಳಗೆ ಹೋಗಿ ಮೆಟ್ಟಿಲ ಮೇಲೆ ಕೂರತೊಡಗಿದರು. ಬೆಕ್ಕು ಮೀನಿನ ರಸ ನೆಕ್ಕಿ ಮುಗಿಸಿ, ಅದೇ ಮೂತಿಯಲ್ಲಿ ಬಂದು ಅವರ ಮಡಿಲೇರುತ್ತಿತ್ತು. ಕೈ ನೆಕ್ಕುತ್ತಿತ್ತು. ಅವರು ಕೊಡವುತ್ತಿರಲಿಲ್ಲ. ಸಂಜೆ ನಾತ ಹೊಡೆಯುವ ಸೀರೆಯಲ್ಲೇ ಹಿತ್ತಿಲ ಬಾಗಿಲಿನಿಂದ ಬಂದು, “ನೀರ್ ಕಾಯ್ಸೇ, ಪೂಜೆ ಐತೆ” ಎನ್ನುವರು. ಸ್ನಾನಕ್ಕೆ ಮೊದಲು ಬಚ್ಚಲಿನ ಗೋಡೆಯನ್ನೂ ಮುಟ್ಟರು. ಬಾವಿಯಿಂದ ಸೇದುವವಳು ನಾನು, ಸೌದೆ ಒಟ್ಟುವವಳು ನಾನು, ಆ ಸೀರೆ ಒಗೆಯುವವಳೂ ನಾನೇ.

ಒಂದು ಸಂಜೆ ತಡೆಯಲಾರದೆ ರೇಗಿದೆ. “ಒಂದಿನ ಹೋಗ್ದಿದ್ರೆ ಆಗಲ್ವಾ ಅತ್ತೆ? ಅಲ್ಲಿ ಹೋಗಿ ಮಾಡೋದಾದ್ರೂ ಏನು?”

ಅವರಿಗೆ ನನ್ನ ಸಿಟ್ಟು ಕೇಳಿಸಲೇ ಇಲ್ಲ. ಮುಖವೆಲ್ಲ ಅರಳಿತ್ತು.

“ಇವತ್ತೂ ಹುಯ್ತು ಕಣೇ. ಧಾರಾಳವಾಗಿ ಹುಯ್ತು. ನಾನೇ ಕಣ್ಣಾರೆ ನೋಡ್ದೆ.”

ನಾನು ಹಂಡೆಗೆ ಇನ್ನೊಂದು ಕೊಡ ನೀರು ಸುರಿದೆ.