ಪಿಳ್ಳಮ್ಮನ ಹುಳುಮನೆಗೆ ನಾನು ಹೇಳಿದ ಪಾಠ

ಪಿಳ್ಳಮ್ಮ ಕುಳಿತದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಊಟವನ್ನೂ ನಿಂತೇ ಮಾಡುತ್ತಿದ್ದರು. ಎಡಗೈಯಲ್ಲಿ ತಟ್ಟೆ, ಕಣ್ಣು ಹಿತ್ತಲಿನ ಹುಳುಮನೆಯ ಮೇಲೆ. ಎಲೆಕ್ಟ್ರಾನಿಕ್ ಸಿಟಿಯಿಂದ ಆನೇಕಲ್ಲಿಗೆ ಹೋಗುವ ದಾರಿಯಲ್ಲಿ ಅವರ ಮನೆ. ಮೂರು ಕಡೆ ಪಿಜಿ ಕಟ್ಟಡಗಳೆದ್ದರೂ ಆ ಬೀದಿಯಲ್ಲಿ ರೇಷ್ಮೆಹುಳು ಸಾಕುತ್ತಿದ್ದವರು ಅವರೊಬ್ಬರೇ. ನಾನು ಹತ್ತಿರದ ಹೈಸ್ಕೂಲಿನ ವಿಜ್ಞಾನದ ಟೀಚರು, ಅವರ ಮಹಡಿಯ ಬಾಡಿಗೆದಾರಳು.

ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಬೋಗುಣಿ ಇರುತ್ತಿತ್ತು. ಅದರಲ್ಲಿ ಕಾಲು ಅದ್ದದೆ ಹೆತ್ತ ಮಗನಿಗೂ ಒಳಗೆ ಪ್ರವೇಶವಿಲ್ಲ. ಮಗ ಮಂಜುನಾಥನಿಗೆ ಹುಳುಮನೆ ಕೆಡವಿ ಪಿಜಿ ಕಟ್ಟುವ ಆತುರ. ಅವನು ಕರೆತಂದ ಇಂಜಿನಿಯರನ್ನು ಪಿಳ್ಳಮ್ಮ ಬಾಗಿಲಲ್ಲೇ ತಡೆದರು: "ಶೂ ಬಿಚ್ಚಿ, ಕಾಲು ಅದ್ದಿ, ಆಮ್ಯಾಕೆ ಅಳತೆ ಹಿಡೀರಿ ಸಾರ್. ನಮ್ ಮಕ್ಳು ಜ್ವರದಾಗವ್ರೆ." ಹುಳು ಪೊರೆ ಕಳಚಲು ಮೇವು ಬಿಟ್ಟು ಕೂರುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಪಾಪ, ಆ ಮನುಷ್ಯ ಮೂಗಿಗೆ ಕರ್ಚೀಫು ಹಿಡಿದು ಗೇಟಿನತ್ತ ಸರಿದ.

ಕೊನೆಗೆ ತಾಯಿ ಮಗನ ನಡುವೆ ಒಂದು ಮಾತಾಯಿತು. ಈ ಬೆಳೆ ಚೆನ್ನಾಗಿ ಬಂದರೆ ಹುಳುಮನೆ ಉಳಿಯಬೇಕು, ಕೆಟ್ಟರೆ ಕೆಡವಬೇಕು.

ಅಂದಿನಿಂದ ಪಿಳ್ಳಮ್ಮನ ಓಡಾಟ ದುಪ್ಪಟ್ಟಾಯಿತು. ಯಾವತ್ತಿಗಿಂತ ಹೆಚ್ಚು ಮೊಟ್ಟೆ ತಂದುಬಿಟ್ಟಿದ್ದರಿಂದ ಹುಳು ಸಾಕುವ ತಟ್ಟೆಗಳು ಸಾಲಲಿಲ್ಲ. ಎರಡು ವರ್ಷದ ಹಿಂದೆ ಹಾಲುತೊಂಡೆ ರೋಗ ತಗುಲಿದ್ದ ಬಿದಿರುತಟ್ಟೆಗಳನ್ನು, ಸುಡಲು ಮನಸ್ಸು ಬಾರದೆ ಅಟ್ಟಕ್ಕೆ ಹಾಕಿದ್ದರು. ಒಂದು ಬೆಳಿಗ್ಗೆ ನಾನು ಸ್ಕೂಲಿಗೆ ಹೊರಟಾಗ ಅಡ್ಡ ಬಂದು ಕೇಳಿದರು:

"ಟೀಚರಮ್ಮ, ಹಾಲುತೊಂಡೆ ವೈರಸ್ಸಿಂದ ಬರ್ತದೆ ಅಂತಾರಲ್ಲ, ಅದುಕ್ಕೆ ಜೀವ ಐತಾ, ಇಲ್ವಾ?"

ಬಸ್ಸಿಗೆ ಹೊತ್ತಾಗಿತ್ತು. ಹಿಂದಿನ ದಿನವಷ್ಟೇ ಮಾಡಿದ ಪಾಠ ಬಾಯಲ್ಲೇ ಇತ್ತು. "ಹುಳದ ಒಳಗೆ ಸೇರಿದ್ರೆ ಜೀವ ಇದ್ದಹಾಗೆ ಆಡುತ್ತೆ ಅಮ್ಮ. ಹೊರಗಿದ್ದಾಗ ಉಸಿರಾಡಲ್ಲ, ತಿನ್ನಲ್ಲ, ಬೆಳೆಯಲ್ಲ. ಜೀವ ಇಲ್ಲ ಅಂತಲೇ ಹೇಳ್ಬೇಕು" ಎಂದು ಗೇಟು ದಾಟಿದೆ. ಯಾಕೆ ಕೇಳುತ್ತಿದ್ದೀರಿ ಎಂದು ತಿರುಗಿ ಕೇಳಲಿಲ್ಲ. ಅದಕ್ಕೆ ನನ್ನನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ. ಅಂದೇ ಅವರು ಅಟ್ಟದ ತಟ್ಟೆಗಳನ್ನು ಇಳಿಸಿ, ಬರೀ ನೀರಿನಲ್ಲಿ ತೊಳೆದು, ಹುಳು ಬಿಟ್ಟಿದ್ದರು.

ಹುಳುಗಳು ನಾಲ್ಕನೇ ಜ್ವರದಿಂದ ಎದ್ದು ಐದು ದಿನವಾಗಿತ್ತು. ಇನ್ನು ಮೂರು ದಿನ ಕಳೆದಿದ್ದರೆ ಗೂಡು ಕಟ್ಟುತ್ತಿದ್ದವು. ಆ ತಟ್ಟೆಗಳ ಹುಳುಗಳು ಸೊಪ್ಪು ಬಿಟ್ಟು ಅಂಚಿನ ಸುತ್ತ ತಿರುಗತೊಡಗಿದವು, ಒಂದೂ ನಿಲ್ಲದು. ಮೈ ಹಳದಿಯಾಗಿ ಊದಿ, ಮುಟ್ಟಿದರೆ ಹಾಲಿನಂಥ ನೀರು. ಎರಡೇ ದಿನದಲ್ಲಿ ಇಡೀ ಮನೆಗೆ ಹರಡಿತು. ಗುಂಡಿ ತೋಡಿ, ಸುಣ್ಣ ಸುರಿದು, ಎಲ್ಲವನ್ನೂ ಹೂತ ಮೇಲೆ ಪಿಳ್ಳಮ್ಮ ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟರು. ನಾನು ಕಾಫಿ ಹಿಡಿದು ಹೋದೆ. ಲೋಟ ಇಟ್ಟು ಕಳ್ಳಿಯ ಹಾಗೆ ಮಹಡಿ ಹತ್ತಿದೆ.

ಮುಂದಿನ ತಿಂಗಳು ಜೆಸಿಬಿ ಬಂತು. ನಾನೂ ಬೇರೆ ಮನೆ ಹಿಡಿದಿದ್ದೆ. ಹೊರಡುವ ಬೆಳಿಗ್ಗೆಯೇ ಅವರನ್ನು ಕಡೆಯದಾಗಿ ಕಂಡದ್ದು. ವರ್ಷ ತುಂಬುವುದರೊಳಗೆ ತೀರಿಹೋದರು. ಆ ಬೆಳಿಗ್ಗೆ, ಹುಳುಮನೆ ಕೆಡವುತ್ತಿದ್ದಾಗ, ಧೈರ್ಯ ಮಾಡಿ, "ಅಮ್ಮ, ಆವತ್ತು ನಾನು ಹೇಳಿದ್ದಕ್ಕೇ ಹೀಗಾಯ್ತು" ಎಂದೆ.

ಕೆಡವುವವರತ್ತಲೇ ನೋಡುತ್ತಾ ಅವರೆಂದರು: "ನೀವು ಜೀವ ಇಲ್ಲ ಅಂದ್ರಿ ತಾಯಿ. ಬಲ ಇಲ್ಲ ಅಂತ ನಾನು ಅಂದ್ಕೊಂಡೆ."

ಅಷ್ಟರಲ್ಲಿ ಹುಳುಮನೆಯ ಮಣ್ಣು ತುಂಬಿಕೊಂಡ ಟ್ರ್ಯಾಕ್ಟರ್ ಹೊರಟಿತು. "ಲೇಯ್ ನಿಲ್ಸಪ್ಪಾ! ಎಲ್ಲಿ ಸುರೀತೀಯ ಅದ್ನ? ಕೆರೆ ಆಚೆ ಇನ್ನೂ ನಾಕು ಮನೆಯೋರು ಹುಳ ಸಾಕ್ತವ್ರೆ!" ಎಂದು ಕೂಗುತ್ತಾ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಿಳ್ಳಮ್ಮ ಅದರ ಹಿಂದೆ ಓಡಿದರು.